ಬುಧವಾರದ ಜಾಗ, ಭಾನುವಾರದ ಜಾಗ: ಕೊಪ್ಪಳದಲ್ಲಿ ಅಡ್ಡಾಡಲು, ಸೈಕಲ್ ತುಳಿಯಲು ಎಲ್ಲಿ ಹೋಗಬೇಕು?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

ಮೊದಲನೆಯವರು ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು. ಸಕ್ಕರೆ ಕಾಯಿಲೆ ಇದೆ, ದಿನಾ ಅಡ್ಡಾಡಿ ಅಂತ ಡಾಕ್ಟರು ಹೇಳಿದ್ದಾರೆ, ಆದರೆ ಮೊಣಕಾಲು ಬಿಡುತ್ತಿಲ್ಲ. ಎರಡನೆಯವನು ಡಿಗ್ರಿ ಓದುವ ಹುಡುಗ. ಕೂಡಿಟ್ಟ ದುಡ್ಡಲ್ಲಿ ಗೇರ್ ಸೈಕಲ್ ತಗೊಂಡಿದ್ದಾನೆ, ತುಳಿಯೋಕೆ ದಾರಿ ಹುಡುಕುತ್ತಿದ್ದಾನೆ. ಮೂರನೆಯವರು ನನ್ನ ತಂಗಿಯ ಗೆಳತಿ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಸಂಜೆಯಾದರೆ ಇಬ್ಬರ ಕೈಯಲ್ಲೂ ಮೊಬೈಲ್. ಮೂವರೂ ಕೇಳಿದ್ದು ಇದನ್ನೇ: ಪಾರ್ಕ್‌ಗೆ ಹೋಗಲಾ, ಸ್ಟೇಡಿಯಂಗಾ, ಕಾಲುವೆ ದಾರಿಗಾ, ಆನೆಗುಂದಿ ಕಡೆಗಾ?

ಈ ಎಲ್ಲ ಕಡೆ ನಾನು ವರ್ಷಗಟ್ಟಲೆ ನಡೆದಿದ್ದೇನೆ, ಸೈಕಲ್ ತುಳಿದಿದ್ದೇನೆ. ಅದರಿಂದ ತಿಳಿದದ್ದು ಇಷ್ಟು. ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೋಗಿ ಬರಬಹುದಾದ ಜಾಗ ಬೇರೆ. ಭಾನುವಾರ ಬಿಡುವಾಗಿ ಹೋಗುವ ಜಾಗ ಬೇರೆ. ಬಹಳ ಜನ ಭಾನುವಾರದ ಜಾಗವನ್ನು ಮನಸ್ಸಲ್ಲಿ ಇಟ್ಟುಕೊಂಡು ಬುಧವಾರ ಮನೆಯಲ್ಲೇ ಉಳಿಯುತ್ತಾರೆ.

ಆರಿಸುವ ಮುಂಚೆ ಇಷ್ಟು ನೋಡಿ

ಮೊದಲು ದೂರ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು ಅಥವಾ ಅಷ್ಟೇ ಮೈದಣಿಯುವ ಇನ್ನೇನಾದರೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ಈ ಅರ್ಧ ಗಂಟೆಗಾಗಿ ಇನ್ನೊಂದು ಅರ್ಧ ಗಂಟೆ ಬೈಕ್ ಮೇಲೆ ಹೋಗಿ ಬರುವುದಾದರೆ ಎಷ್ಟು ದಿನ ನಡೆದೀತು? ದಿನನಿತ್ಯದ ಜಾಗ ಮನೆಯಿಂದ ಹತ್ತು ನಿಮಿಷದ ಒಳಗೇ ಇರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಆಮೇಲೆ ಕಾಲ ಕೆಳಗಿನ ನೆಲ. ಮೊಣಕಾಲು ನೋವಿದ್ದವರಿಗೆ ಸಿಮೆಂಟಿಗಿಂತ ಗಟ್ಟಿ ಮಣ್ಣಿನ ದಾರಿ ವಾಸಿ. ಸೈಕಲ್‌ಗೆ ಮಣ್ಣು ಯಾವುದು ಅಂತ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಮಸಾರಿಯೂ (ಕೆಂಪು ಮಣ್ಣು) ಇದೆ, ಎರೆಯೂ (ಕಪ್ಪು ಮಣ್ಣು) ಇದೆ. ಮಳೆ ಬಂದು ಹೋದ ಮೇಲೆ ಮಸಾರಿ ನೆಲ ಬೇಗ ಆರುತ್ತದೆ. ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬಿ ಸೈಕಲನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಬಿಸಿಲನ್ನಂತೂ ಮರೆಯೋ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಾಡು ನಮ್ಮದು. ಮೇನಲ್ಲಿ 6 ಗಂಟೆ ಆಗುವ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಏಳೂವರೆಗೆ ಬೆನ್ನು ಸುಡುತ್ತದೆ. ಜನವರಿಯಲ್ಲಿ ಸೂರ್ಯ ಕಾಣುವುದೇ 6:50ರ ಆಸುಪಾಸು. ಹಾಗಾಗಿ ಬೇಸಿಗೆಗೆ ನೆರಳಿರುವ ಜಾಗ, ಚಳಿಗಾಲಕ್ಕೆ ದೀಪ ಇರುವ ಜಾಗ ಬೇಕು. ಎರಡೂ ಒಂದೇ ಕಡೆ ಸಿಗುವುದು ಅಪರೂಪ.

ಇನ್ನು ಗಾಡಿಗಳು. ಸೈಕಲ್‌ಗೇ ಅಂತ ಬಿಟ್ಟ ದಾರಿ ನಾನು ದಿನಾ ತುಳಿಯುವ ಕಡೆ ಒಂದೂ ಇಲ್ಲ. ಮೈಸೂರಿನಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ನಮ್ಮಲ್ಲೂ ಒಂದು ದಿನ ಬರಲಿ ಅಂತ ನನಗೆ ತುಂಬಾ ಆಸೆ ಇದೆ. ಅಲ್ಲಿಯವರೆಗೆ ಲಾರಿ ಕಡಿಮೆ ಇರುವ ರಸ್ತೆ, ಲಾರಿ ಕಡಿಮೆ ಇರುವ ಹೊತ್ತು ಎರಡನ್ನೂ ನಾವೇ ಹುಡುಕಿಕೊಳ್ಳಬೇಕು.

ಕೊನೆಯದು ಜನ. ಗಂಡಸರು ಇದನ್ನು ಯೋಚನೆ ಮಾಡುವುದೇ ಇಲ್ಲ. ನಸುಕಿನಲ್ಲಿ ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ನಾಲ್ಕು ಜನ ಓಡಾಡುವ ಜಾಗ ಬೇಕು, ಹತ್ತಿರ ಶೌಚಾಲಯ ಬೇಕು. ಎಷ್ಟೇ ಚೆಂದದ ದಾರಿಯಾದರೂ ಇವು ಇಲ್ಲದಿದ್ದರೆ ಅದು ಊರಿನ ಅರ್ಧ ಜನಕ್ಕೆ ಇಲ್ಲದ ದಾರಿ.

ಬಡಾವಣೆಯ ಪಾರ್ಕ್

ಪಾರ್ಕ್ ಅಂದರೆ ನಮ್ಮಲ್ಲಿ ಬಹಳ ಜನ ಮೂಗು ಮುರಿಯುತ್ತಾರೆ. ಹುಲ್ಲು ಒಣಗಿದೆ, ಜೋಕಾಲಿಯ ಸರಪಳಿ ಕಿತ್ತಿದೆ, ಬೆಂಚಿನ ಮೇಲೆ ದೂಳು. ನಿಜವೇ. ಆದರೂ ಬುಧವಾರದ ಜಾಗ ಅಂತ ಬಂದರೆ ನನ್ನ ಮೊದಲ ಆಯ್ಕೆ ಇದೇ. ಚಪ್ಪಲಿ ಮೆಟ್ಟಿ ಹೊರಟರೆ ಐದು ನಿಮಿಷಕ್ಕೆ ಅಲ್ಲಿರುತ್ತೀರಿ. ಗಾಡಿ ಇಲ್ಲ, ಖರ್ಚಿಲ್ಲ. ಸುಸ್ತಾದರೆ ಕೂತುಕೊಳ್ಳಬಹುದು. ಪರಿಚಯದ ಮುಖಗಳು ಇರುತ್ತವೆ.

ಕೊರತೆ ಏನು ಅಂದರೆ ಸುತ್ತು ಸಣ್ಣದು. ನಮ್ಮ ಪಾರ್ಕನ್ನು ನಾನು ಅಳೆದಿದ್ದೇನೆ. ಒಂದು ಸುತ್ತಿಗೆ 180 ಮೀಟರ್, ಹನ್ನೊಂದು ಸುತ್ತು ಹಾಕಿದರೂ ಎರಡು ಕಿಲೋಮೀಟರ್‌ಗೆ 20 ಮೀಟರ್ ಕಡಿಮೆ. ಬೇಸರ ಬರುತ್ತದೆ ಅನ್ನುವವರು ಅರ್ಧದಷ್ಟು ಸುತ್ತುಗಳನ್ನು ಬಲಕ್ಕೆ, ಉಳಿದರ್ಧ ಎಡಕ್ಕೆ ತಿರುಗಿ ಹಾಕಿ. ಒಂದೇ ಕಡೆ ತಿರುಗಿ ತಿರುಗಿ ಒಂದೇ ಕಾಲಿಗೆ ಭಾರ ಬೀಳುವುದೂ ತಪ್ಪುತ್ತದೆ. ಇನ್ನು ಇಂಟರ್‌ಲಾಕ್ ಟೈಲ್ಸ್. ಬೇರು ಎದ್ದ ಕಡೆ ಟೈಲ್ಸ್ ಅರ್ಧ ಇಂಚು ಮೇಲೆದ್ದಿರುತ್ತವೆ. ಕತ್ತಲಲ್ಲಿ ಹೆಬ್ಬೆರಳು ಅದಕ್ಕೇ ತಾಗುವುದು. ಬೆಳಕು ಬಂದ ಮೇಲೇ ಹೋಗಿ. ಸೈಕಲ್ ಅಂತೂ ಇಲ್ಲಿ ಬೇಡ. ಮಕ್ಕಳ ಮೂರು ಚಕ್ರದ ಸೈಕಲ್ ಆದರೆ ಸರಿ.

ಒಂದು ಮಾತು ಹೇಳಲೇಬೇಕು. ನಮ್ಮ ಬಡಾವಣೆಯ ಪಾರ್ಕಿಗೆ ಸುಮಾರು ಎರಡು ವರ್ಷ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಿದ್ದರು. ಒಳಗೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಏಳು ಮನೆಯವರು ಸೇರಿ ಅರ್ಜಿ ಕೊಟ್ಟೆವು, ಮೂರು ಸಲ ಹೋಗಿ ಬಂದೆವು. ಕೊನೆಗೆ ಕೀಲಿ ಎದುರಿನ ಹಾಲಿನ ಅಂಗಡಿಗೆ ಬಂತು. ಈಗ ಅವರು ಐದೂವರೆಗೆ ಹಾಲಿನ ಟ್ರೇ ಇಳಿಸುವಾಗಲೇ ಪಾರ್ಕಿನ ಗೇಟೂ ತೆರೆಯುತ್ತದೆ. ನಿಮ್ಮ ಪಾರ್ಕಿಗೂ ಬೀಗ ಇದ್ದರೆ ಸುಮ್ನೆ ಬಿಡಬೇಡಿ. ಪಾರ್ಕ್, ಆಟದ ಬಯಲುಗಳನ್ನು ಕಾಪಾಡುವುದಕ್ಕೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಪಾರ್ಕ್ ಅಂತ ಬಿಟ್ಟ ಜಾಗ ಅಲ್ಲಿಯ ಜನರದ್ದು. ಅರ್ಜಿ ಬರೆಯುವಾಗ ಆ ಕಾಯ್ದೆಯ ಹೆಸರನ್ನೂ ಬರೆಯಿರಿ. ತೆಗೆದುಕೊಳ್ಳುವವರು ಎರಡು ಸಲ ಓದುತ್ತಾರೆ.

ಜಿಲ್ಲಾ ಕ್ರೀಡಾಂಗಣ

ಓಡುವವರಿಗೆ, ಬಿರುಸಾಗಿ ನಡೆಯುವವರಿಗೆ, ಲೆಕ್ಕ ಇಟ್ಟುಕೊಳ್ಳುವವರಿಗೆ ಇದು ಸರಿ. ಅಳತೆಯ ಟ್ರ್ಯಾಕ್ ಅಂದರೆ ಒಳಗಿನ ಸಾಲಿನಲ್ಲಿ ಒಂದು ಸುತ್ತಿಗೆ 400 ಮೀಟರ್. ಐದು ಸುತ್ತಿಗೆ ಎರಡು ಕಿಲೋಮೀಟರ್. ಬೆಳಿಗ್ಗೆ ಜನ ಇರುತ್ತಾರೆ, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಅವರನ್ನು ನೋಡಿದರೆ ನಮ್ಮ ಹೆಜ್ಜೆಯೂ ಜೋರಾಗುತ್ತದೆ. ನಿಧಾನಕ್ಕೆ ನಡೆಯುವವರು ಹೊರಗಿನ ಸಾಲಿನಲ್ಲಿರಿ, ಒಳಗಿನ ಸಾಲು ಓಡುವವರಿಗೆ ಬಿಡಿ. ನೆರಳು ಕಡಿಮೆ. ಸೈಕಲ್ ಒಳಗೆ ತರಬೇಡಿ, ಟ್ರ್ಯಾಕ್ ಹಾಳಾಗುತ್ತದೆ.

ಗವಿಮಠದ ಕೆರೆ ಮತ್ತು ಬೆಟ್ಟ

ಕೊಪ್ಪಳದಲ್ಲೇ ಇದ್ದವರಿಗೆ ಬುಧವಾರಕ್ಕೂ ಭಾನುವಾರಕ್ಕೂ ಆಗುವ ಜಾಗ ಇದೊಂದೇ ಅಂತ ನನ್ನ ಅನಿಸಿಕೆ. ಕೆರೆಯ ಪಕ್ಕ ನಡೆಯಬಹುದು, ಇನ್ನೂ ಶಕ್ತಿ ಇದ್ದರೆ ಬೆಟ್ಟ ಹತ್ತಬಹುದು. ನಸುಕಿನಲ್ಲೂ ಭಕ್ತರು ಬರುತ್ತಿರುತ್ತಾರೆ, ಹಾಗಾಗಿ ಒಬ್ಬರೇ ಹೋಗುವವರಿಗೆ ಧೈರ್ಯ. ನೀರಿನ ಮೇಲಿಂದ ಬರುವ ಗಾಳಿ ಮೇ ತಿಂಗಳಲ್ಲೂ ಸ್ವಲ್ಪ ತಂಪಾಗಿರುತ್ತದೆ.

ಮೇಲೆ ಅಶೋಕನ ಶಾಸನ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಬ್ರಾಹ್ಮಿ ಅಕ್ಷರ. ಇನ್ನೊಂದು ಶಾಸನ ಪಾಲ್ಕಿಗುಂಡಿನಲ್ಲಿದೆ. ಗುಂಡುಗಳ ಮೇಲೆ ದೊಡ್ಡ ಬಂಡೆ ಪಲ್ಲಕ್ಕಿ ಹಾಗೆ ಕೂತಿರುವುದಕ್ಕೇ ಆ ಹೆಸರು. ಒಂದೇ ಊರಲ್ಲಿ ಅಶೋಕನ ಎರಡು ಶಾಸನ. ಬೇರೆ ಊರಿನವರು ಕಾರು ಮಾಡಿಕೊಂಡು ನೋಡೋಕೆ ಬರುತ್ತಾರೆ. ನಾವು ವಾಕಿಂಗ್‌ಗೆ ಹೋದಾಗ ನೋಡಿ ಬರಬಹುದು, ಅಲ್ವಾ?

ಮೆಟ್ಟಿಲು ಹತ್ತುವುದು ಹೃದಯಕ್ಕೆ ಒಳ್ಳೆಯದು, ಮೊಣಕಾಲಿಗೆ ಅಲ್ಲ. ಅದರಲ್ಲೂ ಇಳಿಯುವಾಗ ಭಾರವೆಲ್ಲ ಮಂಡಿಯ ಮೇಲೇ ಬೀಳುತ್ತದೆ. ನೋವಿದ್ದವರು ಕೆಳಗೇ ನಡೆಯಿರಿ. ಜನವರಿಯ ಜಾತ್ರೆಯ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆಗ ವಾಕಿಂಗ್ ಮಾತು ಬಿಟ್ಟು ದಾಸೋಹದ ರೊಟ್ಟಿ ತಿಂದು ಬನ್ನಿ.

ಕೊಪ್ಪಳದ ಕೋಟೆ ಹತ್ತುವುದನ್ನೂ ಕೆಲವರು ಕೇಳುತ್ತಾರೆ. ಟಿಪ್ಪು ಸುಲ್ತಾನ್ 1786ರಲ್ಲಿ ವಶಕ್ಕೆ ತಗೊಂಡು ಫ್ರೆಂಚ್ ಎಂಜಿನಿಯರ್‌ಗಳಿಂದ ಗಟ್ಟಿ ಮಾಡಿಸಿದ ಕೋಟೆ. ವರ್ಷಕ್ಕೆ ಒಂದೆರಡು ಭಾನುವಾರ ಗೆಳೆಯರ ಜೊತೆ ಹೋಗಿ. ದಿನದ ನಡಿಗೆಗೆ ಬೇಡ.

ಕಿನ್ನಾಳ ರಸ್ತೆ

ಸೈಕಲ್ ಹೊಸದಾಗಿ ಶುರು ಮಾಡುವವರಿಗೆ ಕೊಪ್ಪಳದಿಂದ ಯಾವ ದಾರಿ ಅಂತ ಕೇಳಿದರೆ ನಾನು ಹೇಳುವುದು ಕಿನ್ನಾಳ. ಹೋಗೋಕೆ ಹತ್ತು ಹನ್ನೆರಡು ಕಿಲೋಮೀಟರ್, ಬರೋಕೆ ಅಷ್ಟೇ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿದರೆ ಒಂದೂವರೆ ಗಂಟೆ, ನಡುವೆ ಚಹಾಕ್ಕೆ ಹದಿನೈದು ನಿಮಿಷ. ಹೆದ್ದಾರಿಯ ಹಾಗೆ ಲಾರಿ ಸಾಲು ಇಲ್ಲ. ಹೊಸಪೇಟೆ ಕಡೆಯ ಹೆದ್ದಾರಿ ನುಣ್ಣಗಿದೆ ಅಂತ ಬಹಳ ಹುಡುಗರು ಅದನ್ನೇ ಹಿಡಿಯುತ್ತಾರೆ. ದಯವಿಟ್ಟು ಬೇಡ. ಗಿಣಿಗೇರಿ ಕಡೆ ಕಾರ್ಖಾನೆಗಳಿವೆ. ಚಳಿಗಾಲದ ಬೆಳಿಗ್ಗೆ ಹೊಗೆ ನೆಲಕ್ಕೇ ಕೂತಿರುತ್ತದೆ. ಅದನ್ನೇ ಎದೆ ತುಂಬ ಎಳೆದುಕೊಳ್ಳೋಕೆ ಅಷ್ಟು ದೂರ ತುಳಿಯಬೇಕಾ? ಪಕ್ಕದಲ್ಲೇ ಅದಿರಿನ ಲಾರಿ ಹೋದರೆ ಅದರ ಗಾಳಿಗೇ ಸೈಕಲ್ ಒಂದು ಮಾರು ಸರಿಯುತ್ತದೆ.

ಕಿನ್ನಾಳದಲ್ಲಿ ನೋಡೋಕೂ ಇದೆ. ಪೊಳಕಿ ಮರದ ಹಗುರ ಕಟ್ಟಿಗೆಯಲ್ಲಿ ಗೊಂಬೆ ಮಾಡುವ ಚಿತ್ರಗಾರರ ಮನೆಗಳು ಅಲ್ಲಿವೆ. ನಾನು ಮೊದಲ ಸಲ ಹೋದಾಗ ಒಬ್ಬ ಅಜ್ಜ ಕಟ್ಟೆ ಮೇಲೆ ಕೂತು ಹುಣಸೆ ಬೀಜದ ಅಂಟನ್ನು ಗೊಂಬೆಯ ಸಂದುಗಳಿಗೆ ಬೆರಳಲ್ಲೇ ತಿದ್ದುತ್ತಿದ್ದರು. ಉಗುರಿನ ಸಂದಿಯೆಲ್ಲ ಬಿಳಿ. "ಸೈಕಲ್ ಮ್ಯಾಲೆ ಬಂದೀರಿ? ಕುಂದರ್ರಿ, ನೀರು ಕುಡೀರಿ" ಅಂದರು. ಕಾರಲ್ಲಿ ಹೋಗಿದ್ದರೆ ಅವರ ಕಟ್ಟೆ ಮುಂದೆ ನಿಲ್ಲುತ್ತಲೇ ಇರಲಿಲ್ಲ.

ಹಿರೇಹಳ್ಳವೂ ಇದೇ ಕಡೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದು, ಊರೂರಿನ ಜನರನ್ನು ಸೇರಿಸಿ ಈ ಹಳ್ಳದ ಹೂಳು, ಜಾಲಿ ತೆಗೆಸಿದ್ದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಸೈಕಲ್ ಮೇಲೆ ಹೋದಾಗ ಸ್ವಲ್ಪ ನಿಂತು ನೋಡಿ.

ಒಂದು ಎಚ್ಚರಿಕೆ. ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೇ ಜೋಳ, ಸಜ್ಜೆ ಹರವಿರುತ್ತಾರೆ. ಒಣಗಿದ ಕಾಳಿನ ಮೇಲೆ ಸೈಕಲ್ ಚಕ್ರ ಗಾಜಿನ ಮೇಲೆ ಹೋದ ಹಾಗೆ ಜಾರುತ್ತದೆ. ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಕಾಣುತ್ತಲೇ ಇಳಿದು ತಳ್ಳಿಕೊಂಡು ಹೋಗಿ. ಅವರ ಕಾಳೂ ಉಳಿಯುತ್ತದೆ.

ಕಾಲುವೆ ದಾರಿ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್ ಹತ್ತಿರ ಹುಟ್ಟಿ ರಾಯಚೂರು ಜಿಲ್ಲೆಯವರೆಗೆ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಅದರ ದಂಡೆಯ ಮೇಲೆ ನೀರಾವರಿಯವರ ಗಾಡಿ ಓಡಾಡುವ ಮಣ್ಣಿನ ದಾರಿ ಇದೆ. ಗಂಗಾವತಿ, ಕಾರಟಗಿ ಕಡೆಯವರಿಗೆ ಕೈಗೆಟುಕುವ ದೂರ. ಕಣ್ಣಿಗೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಭತ್ತ. ದಾರಿ ಸಮತಟ್ಟು, ಲಾರಿ ಇಲ್ಲ.

ಆದರೂ ನಾನು ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಕಾಲುವೆಯ ಬದಿ ಇಳಿಜಾರು, ಲೈನಿಂಗ್ ಹಾಕಿದ ಕಡೆ ಪಾಚಿ ಹಿಡಿದು ಜಾರುತ್ತದೆ. ನೀರು ಬಿಟ್ಟಾಗ ಆಳವೂ ಜಾಸ್ತಿ, ಸೆಳವೂ ಜಾಸ್ತಿ. ಬಿದ್ದರೆ ಹಿಡಿದು ಮೇಲೆ ಬರೋಕೆ ಬಹಳ ದೂರದವರೆಗೆ ಏನೂ ಇರುವುದಿಲ್ಲ. ಈಜು ಬರುವವರೂ ಉಳಿಯುವುದು ಕಷ್ಟ. ಮಕ್ಕಳನ್ನು ಯಾವ ಕಾರಣಕ್ಕೂ ಕರೆದುಕೊಂಡು ಹೋಗಬೇಡಿ. ಕೈಕಾಲು ತೊಳೆಯೋಕೂ ಇಳಿಯಬೇಡಿ. ಗುಂಪಿನಲ್ಲಿ ಹೋಗಿ, ಹೊಲದ ಕಡೆಯ ಅಂಚು ಹಿಡಿದು ತುಳಿಯಿರಿ. ಯಾವಾಗಲೂ ಜನ ಸಿಗುವ ದಾರಿಯಲ್ಲ, ಅದೂ ನೆನಪಿರಲಿ.

ಇನ್ನೊಂದು ತೊಂದರೆ ಮುಳ್ಳು. ದಂಡೆಯ ಉದ್ದಕ್ಕೂ ಬಳ್ಳಾರಿ ಜಾಲಿ. ಕಟ್ಟಿಗೆಗೆ ಅಂತ ಕಡಿದು ಎಳೆದುಕೊಂಡು ಹೋದ ಮೇಲೆ ದಾರಿ ತುಂಬ ಮುಳ್ಳಿನ ಕಡ್ಡಿ ಉಳಿಯುತ್ತದೆ. ಅದು ಸಾಲದು ಅಂತ ನೆಲದಲ್ಲಿ ನೆಗ್ಗಿಲ ಮುಳ್ಳು. ಒಂದು ಬೆಳಿಗ್ಗೆ ನನ್ನ ಮುಂದಿನ ಚಕ್ರ ಸುಸ್ಸೆಂದಿತು. ಮೂರು ಕಿಲೋಮೀಟರ್ ತಳ್ಳಿಕೊಂಡು ಊರಿಗೆ ಬಂದೆ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತಿರುಗಿಸಿದರು, ನಾಲ್ಕು ಕಡೆ ಗುಳ್ಳೆ ಎದ್ದವು. ನಾಲ್ಕಕ್ಕೂ ಪ್ಯಾಚ್ ಹಾಕಿದ ಮೇಲೆ ಟಯರಿನ ಒಳಗೆ ಬೆರಳನ್ನು ನಿಧಾನಕ್ಕೆ ಒಂದು ಸುತ್ತು ಆಡಿಸಿದರು. ಎರಡು ಕಡೆ ಬೆರಳು ನಿಂತಿತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಮುಳ್ಳಿನ ತುದಿ ಮುರಿದು ರಬ್ಬರ್ ಒಳಗೇ ಕೂತಿತ್ತು. ಇಕ್ಕಳದಿಂದ ಕಿತ್ತು ನನ್ನ ಅಂಗೈಗೆ ಹಾಕಿದರು. ಅಕ್ಕಿ ಕಾಳಿಗಿಂತ ಸಣ್ಣದು. ಅದನ್ನು ತೆಗೆಯದೆ ಎಷ್ಟು ಪ್ಯಾಚ್ ಹಾಕಿದರೂ ಮರುದಿನ ಮತ್ತೆ ಪಂಕ್ಚರ್. ಅವತ್ತಿನಿಂದ ನಾನೂ ಟಯರ್ ಹಾಕುವ ಮುಂಚೆ ಬೆರಳು ಆಡಿಸುತ್ತೇನೆ.

ಮುನಿರಾಬಾದಿನ ಪಂಪಾವನ

ಮಕ್ಕಳಿದ್ದವರ ಭಾನುವಾರಕ್ಕೆ ಇದು. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಡೆ ಇರುವ ಹಳೆಯ ಉದ್ಯಾನ. ದೊಡ್ಡ ಮರಗಳಿವೆ, ಹಾಗಾಗಿ ಹತ್ತು ಗಂಟೆಗೂ ನೆರಳು ಸಿಗುತ್ತದೆ. ಬಡಾವಣೆಯ ಪಾರ್ಕಿನಲ್ಲಿ ಸಿಗದೇ ಇರುವುದು ಇದೇ. ಚಾಪೆ ಹಾಸಿ, ಬುತ್ತಿ ಬಿಚ್ಚಿ, ಮಕ್ಕಳನ್ನು ಓಡಾಡೋಕೆ ಬಿಡಬಹುದು. ಅಣೆಕಟ್ಟಿಗೆ 33 ಗೇಟ್. ಒಳ್ಳೆಯ ಮಳೆಯಾದ ವರ್ಷ ಜುಲೈ, ಆಗಸ್ಟ್‌ನಲ್ಲಿ ಗೇಟ್ ತೆರೆದರೆ ಸುತ್ತಲ ಜಿಲ್ಲೆಗಳ ಜನರೆಲ್ಲ ಇಲ್ಲೇ ಇರುತ್ತಾರೆ. ನೋಡಬೇಕಾದದ್ದೇ, ಆದರೆ ಸಣ್ಣ ಮಕ್ಕಳ ಕೈ ಬಿಡುವ ದಿನ ಅದಲ್ಲ. ಶಾಂತವಾಗಿ ಇರಬೇಕು ಅಂದರೆ ನವೆಂಬರ್‌ನಿಂದ ಫೆಬ್ರವರಿ. ಹತ್ತಿರದ ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಭಕ್ತರ ದಟ್ಟಣೆ. ಆ ದಿನ ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ.

ಖರ್ಚಿನ ಲೆಕ್ಕ ಹೇಳಬೇಕಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತಾಯಿ ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಿ ಬಂದರೆ ಕೈಬಿಟ್ಟು ಹೋಗುವುದು ಬಹಳ ಕಡಿಮೆ. ಆಧಾರ್ ಕಾರ್ಡ್ ಮರೆಯಬೇಡಿ.

ಆನೆಗುಂದಿ, ಅಂಜನಾದ್ರಿ, ಸಾಣಾಪುರ

ಸೈಕಲ್ ಇದ್ದವರು ಜೀವನದಲ್ಲಿ ಒಮ್ಮೆಯಾದರೂ ಈ ದಾರಿ ತುಳಿಯಬೇಕು. ನಾನು ವರ್ಷಕ್ಕೆ ಏಳೆಂಟು ಸಲ ಹೋಗುತ್ತೇನೆ, ಸಾಕು ಅನಿಸಿಲ್ಲ. ಗಂಗಾವತಿಯಿಂದ ಆನೆಗುಂದಿ ಸುಮಾರು 12 ಕಿಲೋಮೀಟರ್. ಅಲ್ಲಿಂದ ಪಂಪಾ ಸರೋವರದ ಪಕ್ಕ ಹಾದು ಅಂಜನಾದ್ರಿಯ ಬುಡಕ್ಕೆ ಬಂದು, ಮುಂದೆ ಸಾಣಾಪುರ ಕೆರೆಯವರೆಗೆ ಹೋಗಿ ತಿರುಗಿದರೆ ಒಟ್ಟು 40 ಕಿಲೋಮೀಟರ್ ಆಸುಪಾಸು. ಕೊಪ್ಪಳದವರು ಸೈಕಲನ್ನು ಗಾಡಿಯಲ್ಲಿ ಹಾಕಿಕೊಂಡು ಗಂಗಾವತಿಗೆ ಬಂದು ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಸೈಕಲ್ ಇಲ್ಲದವರಿಗೆ ಹನುಮನಹಳ್ಳಿ, ಸಾಣಾಪುರದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವವರಿದ್ದಾರೆ. ತಗೊಳ್ಳುವ ಮುಂಚೆ ಬ್ರೇಕ್ ಹಿಡಿದು ನೋಡಿ.

ನಾಟಿ ಮುಗಿದು ಒಂದು ತಿಂಗಳಾದ ಮೇಲೆ ಹೋಗಿ. ಗದ್ದೆಗಳೆಲ್ಲ ಹಸಿರು, ನಡುನಡುವೆ ಕಂದು ಬಣ್ಣದ ಗುಂಡುಗಳ ಗುಡ್ಡ. ಬಾಳೆ ತೋಟದ ಪಕ್ಕ ಹೋಗುವಾಗ ಗಾಳಿ ತಟ್ಟನೆ ತಣ್ಣಗಾಗುತ್ತದೆ, ತೋಟ ದಾಟಿದ ಕೂಡಲೇ ಬಂಡೆಯ ಬಿಸಿ ಮುಖಕ್ಕೆ ಹೊಡೆಯುತ್ತದೆ. ಕಾರಿನಲ್ಲಿ ಕೂತವರಿಗೆ ಇದು ತಿಳಿಯುವುದೇ ಇಲ್ಲ. ಆನೆಗುಂದಿಯಲ್ಲಿ ಗಗನ ಮಹಲಿನ ಮುಂದೆ ಸೈಕಲ್ ನಿಲ್ಲಿಸಿ, ಹೊಳೆ ದಂಡೆಗೆ ಹೋಗಿ 64 ಕಂಬದ ಮಂಟಪ ನೋಡಿ ಬನ್ನಿ. ಇಲ್ಲಿಯ ತುಂಗಭದ್ರೆ ನೀರುನಾಯಿಗಳ ಮನೆ. 2015ರಲ್ಲಿ ಹೊಳೆಯ 34 ಕಿಲೋಮೀಟರ್ ಭಾಗವನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ಮೊಸಳೆಗಳೂ ಇವೆ, ಹಾಗಾಗಿ ದಂಡೆಯಲ್ಲೇ ಇರಿ.

ಈಗ ಕಷ್ಟಗಳು. ಅಂಜನಾದ್ರಿಗೆ 575 ಮೆಟ್ಟಿಲು. ಅಷ್ಟು ದೂರ ತುಳಿದು ಬಂದು ಅದನ್ನೂ ಹತ್ತಿ, ಮತ್ತೆ ವಾಪಸ್ ತುಳಿಯುವುದು ಮೊದಲ ಸಲ ಹೋಗುವವರಿಗೆ ಆಗದ ಮಾತು. ಯಾವುದಾದರೂ ಒಂದು ಆರಿಸಿ. ಶನಿವಾರ, ಹನುಮ ಜಯಂತಿ, ಡಿಸೆಂಬರ್‌ನಲ್ಲಿ ಹನುಮ ಮಾಲೆ ವಿಸರ್ಜನೆಯ ದಿನಗಳಲ್ಲಿ ಈ ರಸ್ತೆ ಕಾರುಗಳಿಂದ ತುಂಬಿರುತ್ತದೆ. ಭಾನುವಾರವೂ ಒಂಬತ್ತರ ಒಳಗೆ ಮುಗಿಸಿ. ಇಲ್ಲಿಯ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಪೂರ್ತಿ ಬೆಳಕು ಬಂದ ಮೇಲೆ ಗಂಗಾವತಿ ಬಿಡಿ, ಸಂಜೆ ಕತ್ತಲಿಗೆ ಮುಂಚೆ ಜಾಗ ಖಾಲಿ ಮಾಡಿ. ಭತ್ತದ ಸುಗ್ಗಿಯಲ್ಲಿ ಇಲ್ಲೂ ರಸ್ತೆ ಮೇಲೆ ಕಾಳು ಇರುತ್ತದೆ, ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು ಅರ್ಧ ದಾರಿ ಹಿಡಿದಿರುತ್ತವೆ. ತಲೆಗೆ ಹೆಲ್ಮೆಟ್, ಎರಡು ಬಾಟಲಿ ನೀರು, ಒಂದು ಪೊಟ್ಟಣ ಓಆರ್‌ಎಸ್ ಇಲ್ಲದೆ ಹೊರಡಬೇಡಿ.

ಸೈಕಲ್‌ಗೆ ಎಷ್ಟು ಖರ್ಚು ಮಾಡಬೇಕು?

ಪಟ್ಟಣದೊಳಗೆ ಓಡಾಡೋಕೆ ಐದಾರು ಸಾವಿರದ ಸಾದಾ ಸೈಕಲ್ ಸಾಕು. ಕೆಟ್ಟರೆ ಯಾವ ಹಳ್ಳಿಯಲ್ಲೂ ಸರಿ ಮಾಡುತ್ತಾರೆ. ಇದು ಸಣ್ಣ ಮಾತಲ್ಲ. ಗೇರ್ ಸೈಕಲ್‌ಗೆ ಹತ್ತು ಹದಿನೈದು ಸಾವಿರ ಅಥವಾ ಇನ್ನೂ ಜಾಸ್ತಿ. ವಾರಕ್ಕೆ ಎರಡು ಸಲ 20 ಕಿಲೋಮೀಟರ್ ದಾಟುವವರಿಗೆ ಅದು ದಂಡ ಅಲ್ಲ. ತೆಳು ಟಯರಿನ ರೇಸ್ ಸೈಕಲ್ ನಮ್ಮ ಮುಳ್ಳಿಗೂ ಗುಂಡಿಗೂ ಆಗುವುದಿಲ್ಲ. ತೀರ ದಪ್ಪ ಟಯರಿನದು ನೋಡೋಕೆ ಗತ್ತು, ತುಳಿಯೋಕೆ ಭಾರ. ನಡುವಿನ ದಪ್ಪದ್ದು ತಗೊಳ್ಳಿ. ಟ್ಯೂಬಿಗೆ ಪಂಕ್ಚರ್ ಲಿಕ್ವಿಡ್ ಹಾಕಿಸಿ. ಕೈ ಪಂಪು, ಪ್ಯಾಚು, ಒಂದು ಹೆಚ್ಚುವರಿ ಟ್ಯೂಬ್, ಇಷ್ಟಕ್ಕೆ ದುಡ್ಡು ಮೊದಲೇ ತೆಗೆದಿಡಿ. ಎಷ್ಟೋ ಜನ ಸೈಕಲ್‌ಗೆ ಎಲ್ಲ ದುಡ್ಡು ಸುರಿದು ಮೊದಲ ಪಂಕ್ಚರ್‌ಗೇ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಅಂಥವರ ಹತ್ತಿರ ಸೆಕೆಂಡ್ ಹ್ಯಾಂಡ್ ಕೇಳಿ ನೋಡಿ, ಅರ್ಧ ಬೆಲೆಗೆ ಸಿಗುತ್ತದೆ.

ಮೂವರಿಗೆ ನಾನು ಹೇಳಿದ್ದು

ಮೇಷ್ಟ್ರಿಗೆ ಪಾರ್ಕ್ ಹೇಳಿದೆ. ಟೈಲ್ಸ್ ಬಿಟ್ಟು ಬೇಲಿ ಪಕ್ಕದ ಮಣ್ಣಿನಲ್ಲಿ ನಡೆಯಿರಿ, ಮೊದಲ ವಾರ ಹತ್ತೇ ನಿಮಿಷ ಸಾಕು ಅಂದೆ. ಕೆರೆಗೆ ಹೋಗಬೇಕು ಅನಿಸಿದ ದಿನ ಮೆಟ್ಟಿಲು ಹತ್ತದೆ ಬರುವುದಾಗಿ ಒಪ್ಪಿದ್ದಾರೆ. ಸಕ್ಕರೆಗೆ ಮಾತ್ರೆ ತಗೊಳ್ಳುವವರು ಜೇಬಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಳ್ಳಿ ಅಂತಲೂ ಹೇಳಿದೆ. ಈಗ ನಾಲ್ಕು ಸುತ್ತಿಗೆ ಬಂದಿದ್ದಾರೆ.

ಹುಡುಗನಿಗೆ ಒಂದು ತಿಂಗಳು ಕಿನ್ನಾಳ, ಆಮೇಲೆ ಆನೆಗುಂದಿ. ಹೆದ್ದಾರಿ ಬೇಡ, ಒಬ್ಬನೇ ಕಾಲುವೆ ದಂಡೆಗೆ ಬೇಡ. ಅವನಿಗೆ ಇದು ಸ್ವಲ್ಪ ನಿಧಾನ ಅನಿಸಿತು. ಆದರೆ ಎರಡನೇ ವಾರ ಕಿನ್ನಾಳದಿಂದ ಬರುವಾಗ ಅವನದೇ ಪಂಕ್ಚರ್ ಅವನೇ ಹಾಕಿಕೊಂಡು ಬಂದ. ಟಯರಿನಿಂದ ತೆಗೆದ ಮುಳ್ಳನ್ನು ಕಾಗದದಲ್ಲಿ ಕಟ್ಟಿ ತಂದು ತೋರಿಸಿದ.

ತಂಗಿಯ ಗೆಳತಿಗೆ ಸಂಜೆ ಐದೂವರೆಗೆ ಪಾರ್ಕ್, ತಿಂಗಳಿಗೆ ಒಂದು ಭಾನುವಾರ ಪಂಪಾವನ. ಜೋಕಾಲಿ ಸರಪಳಿ ಕಿತ್ತಿದೆಯಲ್ಲ ಅಂದರು. ಹೌದು, ಅರ್ಜಿ ಬರೆದಿದ್ದೇವೆ. ಈ ಸಲ ಸಹಿ ಮಾಡಿದವರು ಹದಿನಾಲ್ಕು ಮನೆಯವರು, ಅವರದ್ದೂ ಸೇರಿ.